ಹೊಸ ರೂಟರ್ ಬಂದ ಮೇಲೆ ಮುನಿಸಿಕೊಂಡ ಕ್ಯಾಮೆರಾ

ಚಿಕ್ಕಪ್ಪ, ನಿಮ್ಮ ಮೆಸೇಜ್ ನೋಡ್ದೆ. ರೂಟರ್ ಬದಲಾಯಿಸಿದ ಮೇಲೆ ಗೇಟಿನ ಕ್ಯಾಮೆರಾ ಆಫ್‌ಲೈನ್ ತೋರಿಸ್ತಿದೆ, ಮತ್ತೆ ಸೇರಿಸೋಕೆ ಹೋದ್ರೆ ಟೈಮ್‌ಔಟ್ ಆಗುತ್ತೆ ಅಂದ್ರಲ್ಲ, ಅದು ಕೆಟ್ಟಿರೋ ಲಕ್ಷಣ ಅಲ್ಲ. ಹೊಸದು ತರೋಕೆ ಓಡ್ಬೇಡಿ. ಹಳೇ ವೈಫೈ ಹೆಸರು, ಪಾಸ್‌ವರ್ಡ್ ಕ್ಯಾಮೆರಾ ಒಳಗೆ ಹಾಗೇ ಇರುತ್ತೆ, ಪಾಪ ಅದನ್ನೇ ಹುಡುಕ್ತಾ ಕೂತಿರುತ್ತೆ.

ಹಾಗಾಗಿ ರೀಸೆಟ್ ಮಾಡೋಕೆ ಮುಂಚೆ ಒಂದು ಸುಲಭದ ದಾರಿ ಇದೆ. ಹೊಸ ರೂಟರಿಗೂ ಹಳೇ ಹೆಸರು, ಹಳೇ ಪಾಸ್‌ವರ್ಡನ್ನೇ ಕೊಟ್ಬಿಡಿ. ಇಂಗ್ಲಿಷ್ ಅಕ್ಷರದ ದೊಡ್ಡದು, ಚಿಕ್ಕದು, ನಡುವಿನ ಸ್ಪೇಸ್ ಎಲ್ಲಾ ಹಾಗೇ ಇರ್ಬೇಕು. ಎಷ್ಟೋ ಸಲ ಎರಡು ಮೂರು ನಿಮಿಷದಲ್ಲಿ ತಾನೇ ಬಂದು ಸೇರ್ಕೊಳ್ಳುತ್ತೆ, ಏಣಿ ಹತ್ತೋ ಕೆಲಸಾನೇ ಇಲ್ಲ.

ಬರ್ಲಿಲ್ಲ ಅಂದ್ರೆ ರೂಟರ್ ಸೆಟ್ಟಿಂಗ್ಸ್ ತೆಗೀರಿ. ಬ್ರೌಸರಲ್ಲಿ ವಿಳಾಸದ ಜಾಗದಲ್ಲಿ 192.168.1.1 ಅಥವಾ 192.168.0.1 ಅಂತ ಹೊಡೀರಿ, ಸರಿಯಾದ್ದು ಸಾಮಾನ್ಯವಾಗಿ ರೂಟರಿನ ಅಡಿ ಚೀಟಿಯಲ್ಲಿರುತ್ತೆ. ವೈಫೈ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಅಂತ ಎರಡು ಬೇರೆ ರೇಡಿಯೋ ಅಲೆಗಳಲ್ಲಿ ಬರುತ್ತೆ, ಇಂಥ ಕ್ಯಾಮೆರಾಗಳಲ್ಲಿ ಹೆಚ್ಚಿನವು 2.4 ಮಾತ್ರ ಹಿಡಿಯೋದು. ಎಷ್ಟೋ ಹೊಸ ರೂಟರುಗಳು 2.4 ಮತ್ತು 5 ಎರಡನ್ನೂ ಒಂದೇ ಹೆಸರಲ್ಲಿ ಬಿಡ್ತವೆ. ಫೋನ್ 5ರಲ್ಲಿ ಕೂತಾಗ ಕ್ಯಾಮೆರಾಗೆ ದಾರಿ ತೋರಿಸೋಕೆ ಎಷ್ಟೋ ಆ್ಯಪ್‌ಗಳಿಗೆ ಆಗಲ್ಲ. ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ, ಇಲ್ಲಾಂದ್ರೆ ಸೇರಿಸೋ ತನಕ 5 ಆಫ್ ಮಾಡಿ. ಅಲ್ಲೇ ಸೆಕ್ಯುರಿಟಿ ಸಾಲೂ ನೋಡಿ, ವೈಫೈಗೆ ಯಾವ ಥರದ ಬೀಗ ಅಂತ ಅಲ್ಲಿರುತ್ತೆ. ಹೊಸ ಥರದ ಡಬ್ಲ್ಯುಪಿಎ3 ಮಾತ್ರ ಇದ್ರೆ ಹಳೇ ಕ್ಯಾಮೆರಾಗೆ ಅರ್ಥ ಆಗಲ್ಲ, ಡಬ್ಲ್ಯುಪಿಎ2 ಮಾಡಿ. ಕ್ಯಾಮೆರಾನ ಗೆಸ್ಟ್ ವೈಫೈಗೆ (ಅತಿಥಿಗಳಿಗೆ ಅಂತ ಇರೋ ಬೇರೆ ವೈಫೈ) ಮಾತ್ರ ಹಾಕ್ಬೇಡಿ, ಸಾಮಾನ್ಯವಾಗಿ ಅದರಲ್ಲಿ ಒಂದು ಸಾಧನ ಇನ್ನೊಂದಕ್ಕೆ ಕಾಣೋದೇ ಇಲ್ಲ.

ಆಮೇಲೆ ಕ್ಯಾಮೆರಾ ಇಳಿಸಿ ರೂಟರಿನ ಪಕ್ಕದಲ್ಲೇ ಇಡಿ. ರೀಸೆಟ್ ಬಟನ್ ದೀಪ ಮಿನುಗೋವರೆಗೆ ಅಥವಾ ದನಿ ಬರೋವರೆಗೆ ಒತ್ತಿ ಹಿಡೀರಿ, ಸುಮಾರು 5ರಿಂದ 10 ಸೆಕೆಂಡು. ಒಂದು ಸಲ ಒತ್ತಿ ಬಿಟ್ರೆ ರೀಸೆಟ್ ಆಗಲ್ಲ, ಹೆಚ್ಚಿನವರು ಎಡವೋದು ಇಲ್ಲೇ. ಆಮೇಲೆ ಆ್ಯಪಲ್ಲಿ ಮತ್ತೆ ಸೇರಿಸಿ. ಆಗ ಫೋನಲ್ಲಿ ಮೊಬೈಲ್ ಡೇಟಾ, ವಿಪಿಎನ್ (ಇಂಟರ್ನೆಟ್ಟನ್ನ ಬೇರೆ ದಾರಿಯಲ್ಲಿ ಕಳಿಸೋ ಆ್ಯಪ್) ಎರಡೂ ಆಫ್ ಇರ್ಲಿ. ಆಂಡ್ರಾಯ್ಡ್ ಆದ್ರೆ ಲೊಕೇಶನ್ ಆನ್ ಮಾಡಿ ಆ್ಯಪ್‌ಗೆ ಅನುಮತಿ ಕೊಡಿ, ಐಫೋನ್ ಆದ್ರೆ ಲೋಕಲ್ ನೆಟ್‌ವರ್ಕ್ ಅನುಮತಿ. ಫೋನಿನ ಕ್ಯೂಆರ್ ಕೋಡನ್ನ ಕ್ಯಾಮೆರಾಗೆ ತೋರಿಸೋ ಥರದ್ದಾದ್ರೆ ಸ್ಕ್ರೀನ್ ಬೆಳಕು ಜಾಸ್ತಿ ಮಾಡಿ, ಒಂದು ಗೇಣು ದೂರದಲ್ಲಿ ಹಿಡಿದು ನಿಧಾನಕ್ಕೆ ಹಿಂದೆ ಮುಂದೆ ಮಾಡಿ.

‘ಬೇರೆ ಖಾತೆಗೆ ಸೇರಿದೆ’ ಅಂತ ಬಂದ್ರೆ ರೂಟರ್ ಮೇಲೆ ಸಿಟ್ಟಾಗ್ಬೇಡಿ. ಮೊದಲು ಯಾರ ಫೋನಲ್ಲಿ ಸೇರಿಸಿದ್ರೋ ಅವರ ಆ್ಯಪಲ್ಲಿ ಡಿಲೀಟ್ ಮಾಡ್ಬೇಕು, ಅಥವಾ ಅವರೇ ನಿಮಗೆ ಶೇರ್ ಮಾಡ್ಲಿ.

ರೂಟರಿನ ಪಕ್ಕದಲ್ಲಿ ಕ್ಯಾಮೆರಾ ಸರಿಯಾಗಿ ನಡೆದು, ಗೇಟಲ್ಲಿ ಇಟ್ಟಾಗ ಕೈಕೊಟ್ರೆ ಅಲ್ಲಿ ಸಿಗ್ನಲ್ ಸಾಲ್ತಿಲ್ಲ ಅಂತ. ಹಗಲು ಚೆನ್ನಾಗಿದ್ದು ರಾತ್ರಿ ಮಾತ್ರ ಹೋಗ್ತಿದ್ರೆ ಅಡಾಪ್ಟರ್ ನೋಡಿ. ಕತ್ತಲಾದಾಗ ಇನ್‌ಫ್ರಾರೆಡ್ ದೀಪ ಹತ್ಕೊಂಡು ಕರೆಂಟ್ ಜಾಸ್ತಿ ಎಳೆಯುತ್ತೆ. ಉದ್ದದ ತೆಳು ವೈರಲ್ಲಿ ವೋಲ್ಟೇಜ್ ಇಳಿದು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತೆ.

ಇಷ್ಟಾದ್ರೂ ಬರ್ಲಿಲ್ಲ ಅಂದ್ರೆ ದೀಪ ಯಾವ ಬಣ್ಣ, ಮಿನುಗ್ತಿದೆಯೋ ನಿಂತಿದೆಯೋ ಅಂತ ಒಂದು ಚಿಕ್ಕ ವಿಡಿಯೋ ಹಾಕಿ. ಪಾಸ್‌ವರ್ಡ್ ಚೀಟಿ ಫೋಟೋ ಮಾತ್ರ ಗ್ರೂಪಿಗೆ ಬೇಡ ಚಿಕ್ಕಪ್ಪ.