ಸೈಟ್ ಪ್ಲಾನ್‌ನಲ್ಲಿ ಹ್ಯಾಚ್ ಸ್ಪಷ್ಟವಾಗಿ ಬರಲು ಏನು ಮಾಡುತ್ತೀರಿ?

ಪ್ರಶ್ನೆ, ಉಪ್ಪಳದಿಂದ: ಆಟೋಕ್ಯಾಡ್‌ನಲ್ಲಿ (ಕಂಪ್ಯೂಟರ್‌ನಲ್ಲಿ ನಕ್ಷೆ ಬಿಡಿಸುವ ಸಾಫ್ಟ್‌ವೇರ್) 10 ಸೆಂಟ್ಸ್ ಜಾಗದ ಸೈಟ್ ಪ್ಲಾನ್ ಮಾಡುತ್ತಿದ್ದೇನೆ. ಮನೆ, ಇಂಟರ್‌ಲಾಕ್ ಅಂಗಳ, ಬಾವಿ, ಹಿಂದೆ ಸ್ವಲ್ಪ ಅಡಿಕೆ. ಎಲ್ಲದಕ್ಕೂ ಹ್ಯಾಚ್ (ಜಾಗ ತುಂಬಿಸುವ ಗೆರೆ ಅಥವಾ ಬಣ್ಣ) ಕೊಟ್ಟಿದ್ದೇನೆ. ಸ್ಕ್ರೀನ್‌ನಲ್ಲಿ ಎಲ್ಲ ಚೆಂದ. ಪ್ರಿಂಟ್ ತೆಗೆದರೆ ಮನೆ ಇಡೀ ಕಪ್ಪು, ಅಂಗಳದ ಅಳತೆ ಓದಲಿಕ್ಕೇ ಆಗುವುದಿಲ್ಲ. ನೀವೆಲ್ಲ ಹೇಗೆ ಮಾಡುತ್ತೀರಿ?

ಬದಿಯಡ್ಕದಿಂದ: ನೀವು ಮೊನೋಕ್ರೋಮ್ ಸಿಟಿಬಿ (ಯಾವ ಬಣ್ಣ ಹೇಗೆ ಪ್ರಿಂಟ್ ಆಗಬೇಕು ಎಂಬ ಫೈಲ್) ಹಾಕಿ ಪ್ರಿಂಟ್ ಕೊಡುತ್ತಿದ್ದೀರಿ, ಅಲ್ವಾ? ಅದು ನಂಬರ್ 1ರಿಂದ 255ರವರೆಗಿನ ಎಲ್ಲ ಬಣ್ಣವನ್ನೂ ಕಪ್ಪು ಮಾಡುತ್ತದೆ. ಸಾಲಿಡ್ ಹ್ಯಾಚ್ (ಪೂರ್ತಿ ಬಣ್ಣ ತುಂಬಿದ್ದು) ಇದ್ದರೆ ಕೇಳುವುದೇ ಬೇಡ. ಹ್ಯಾಚ್‌ಗೆ ಟ್ರೂ ಕಲರ್‌ನಲ್ಲಿ (ಆ ನಂಬರ್‌ಗಳಿಗೆ ಸೇರದ ಬಣ್ಣ) ತೆಳು ಬೂದು ಕೊಡಿ. ಸಿಟಿಬಿ ಅದನ್ನು ಮುಟ್ಟುವುದಿಲ್ಲ. ಇಲ್ಲವಾದರೆ ಸಿಟಿಬಿಯ ಒಂದು ಕಾಪಿ ಮಾಡಿ, ಹ್ಯಾಚ್‌ನ ಬಣ್ಣಕ್ಕೆ ಸ್ಕ್ರೀನಿಂಗ್ (ಶಾಯಿ ಎಷ್ಟು ಶೇಕಡ ಬೀಳಬೇಕು ಎಂಬುದು) 30ರ ಆಸುಪಾಸು ಇಡಿ. ನನಗೆ ಇದೇ ಇಷ್ಟ, ಒಮ್ಮೆ ಮಾಡಿಟ್ಟರೆ ಎಲ್ಲ ಡ್ರಾಯಿಂಗ್‌ಗೂ ಆಯಿತು.

ಬಣ್ಣವನ್ನು ಮಾತ್ರ ನಂಬಬೇಡಿ ಮಾರಾಯ್ರೆ. ಪ್ಲಾನ್ ಕೊನೆಗೆ ಮೇಸ್ತ್ರಿ ಕೈಗೆ ಹೋಗುವುದು ಜೆರಾಕ್ಸ್ ಆಗಿ. ಹಸಿರೂ ಕೆಂಪೂ ಅಲ್ಲಿ ಒಂದೇ. ಹಾಗಾಗಿ ಮನೆಗೆ ಎಎನ್‌ಎಸ್‌ಐ31 (ANSI31) ಹ್ಯಾಚ್‌ನ ಓರೆ ಗೆರೆ, ಅಂಗಳಕ್ಕೆ ತೆಳು ಬೂದು ಸಾಲಿಡ್. ತೋಟಕ್ಕೆ ಹ್ಯಾಚೇ ಬೇಡ, ಅಲ್ಲಲ್ಲಿ ಅಡಿಕೆ ಮರದ ಬ್ಲಾಕ್ (ಸಿದ್ಧ ಚಿತ್ರ) ಇಟ್ಟರೆ ಸಾಕು. ಸುಮ್ನೆ ಎಲ್ಲ ಕಡೆ ತುಂಬಿಸಿದರೆ ಯಾವುದೂ ಎದ್ದು ಕಾಣುವುದಿಲ್ಲ. ಮೂಲೆಯಲ್ಲಿ ಲೆಜೆಂಡ್ (ಯಾವ ಹ್ಯಾಚ್ ಏನು ಎಂಬ ಪಟ್ಟಿ) ಹಾಕಿ, ಅದರ ಚೌಕಕ್ಕೂ ಪ್ಲಾನ್‌ನಲ್ಲಿರುವ ಹ್ಯಾಚ್ ಸ್ಕೇಲನ್ನೇ ಕೊಡಿ.

ಅಕ್ಷರ ಮುಚ್ಚಿಹೋದರೆ ಹ್ಯಾಚ್‌ಟುಬ್ಯಾಕ್ (HATCHTOBACK) ಅಂತ ಟೈಪ್ ಮಾಡಿ. ಹ್ಯಾಚ್ ಎಲ್ಲ ಒಟ್ಟಿಗೆ ಹಿಂದೆ ಹೋಗುತ್ತದೆ. ಓರೆ ಗೆರೆಯ ಮೇಲಿನ ಎಂಟೆಕ್ಸ್ಟ್‌ಗೆ (ಬರಹಕ್ಕೆ) ಬ್ಯಾಕ್‌ಗ್ರೌಂಡ್ ಮಾಸ್ಕ್ (ಅಕ್ಷರದ ಹಿಂದಿನ ಗೆರೆ ಮರೆಮಾಡುವುದು) ಕೂಡ ಬೇಕು.

ಕುಂಬಳೆಯಿಂದ: ಹ್ಯಾಚ್ ಕೂರದಿದ್ದರೆ ಗೆರೆ ಎಲ್ಲೋ ಬಿಟ್ಟುಹೋಗಿದೆ ಅಂತ ಅರ್ಥ. ಬಿಟ್ಟ ತುದಿಗಳಲ್ಲಿ ಕೆಂಪು ವೃತ್ತ ಬರುತ್ತದೆ, ನೋಡಿ. ಗ್ಯಾಪ್ ಟಾಲರೆನ್ಸ್ (ಎಷ್ಟು ಸಂದು ಬಿಟ್ಟರೂ ನಡೆಯುತ್ತದೆ ಎಂಬ ಮಿತಿ) ಜಾಸ್ತಿ ಮಾಡಿ ದಾಟಿಸಬಹುದು, ಆದರೆ ನಾನು ಅದನ್ನು ಮಾಡುವುದಿಲ್ಲ. ಗಡಿಯ ಮೇಲೆ ಕ್ಲೋಸ್ ಆದ ಪಾಲಿಲೈನ್ (ತುದಿ ಸೇರಿದ ಒಂದೇ ಗೆರೆ) ಎಳೆದು, ಬೇರೆ ಲೇಯರ್‌ನಲ್ಲಿಟ್ಟು (ಡ್ರಾಯಿಂಗ್‌ನ ಬೇರೆ ಪದರ), ಅದನ್ನೇ ಸೆಲೆಕ್ಟ್ ಮಾಡಿ ಹ್ಯಾಚ್ ಕೊಡುತ್ತೇನೆ. ಆ ಲೇಯರನ್ನು ನೋ ಪ್ಲಾಟ್ (ಪ್ರಿಂಟ್ ಆಗದಂತೆ) ಮಾಡಿದರಾಯಿತು.

ಮಂಜೇಶ್ವರದಿಂದ: ಇನ್ನೊಂದು ಲಾಭ ಇದೆ. ಹ್ಯಾಚ್ ಸೆಲೆಕ್ಟ್ ಮಾಡಿ ಪ್ರಾಪರ್ಟೀಸ್ ನೋಡಿದರೆ ಏರಿಯಾ ಸಿಗುತ್ತದೆ. ತೋಟಕ್ಕೂ ಒಂದು ಹ್ಯಾಚ್ ಕೊಟ್ಟು ಅದನ್ನು ನೋ ಪ್ಲಾಟ್ ಲೇಯರ್‌ನಲ್ಲಿಡಿ. ಎಲ್ಲ ಹ್ಯಾಚ್ ಒಟ್ಟಿಗೆ ಹಿಡಿದರೆ ಮೊತ್ತವೂ ಅಲ್ಲೇ. ಒಂದು ಸೆಂಟ್ಸ್ ಅಂದರೆ ಸುಮಾರು 40.47 ಚದರ ಮೀಟರ್. ನಿಮ್ಮ 10 ಸೆಂಟ್ಸ್‌ಗೆ 404.7ರ ಹತ್ತಿರ ಬರಬೇಕು. ಜಾಸ್ತಿ ಬಂದರೆ ಎರಡು ಹ್ಯಾಚ್ ಒಂದರ ಮೇಲೊಂದು ಕೂತಿರಬಹುದು.

ಉಪ್ಪಳದಿಂದ: ಸ್ಕ್ರೀನಿಂಗ್ ಕೆಲಸ ಮಾಡಿತು, ಅಳತೆ ಓದಬಹುದು. ಟ್ರಾನ್ಸ್‌ಪರೆನ್ಸಿ 60 ಕೊಟ್ಟದ್ದು ಮಾತ್ರ ಪ್ರಿಂಟ್‌ನಲ್ಲಿ ಬರುತ್ತಿಲ್ಲವಲ್ಲ?

ಬದಿಯಡ್ಕದಿಂದ: ಪ್ಲಾಟ್ ಡಬ್ಬದಲ್ಲಿ (ಪ್ರಿಂಟ್ ಕೊಡುವಾಗ ತೆರೆಯುವ ಕಿಟಕಿ) ಪ್ಲಾಟ್ ಟ್ರಾನ್ಸ್‌ಪರೆನ್ಸಿ ಅಂತ ಇದೆ, ಟಿಕ್ ಹಾಕಿ. ಪ್ರಿಂಟ್ ನಿಧಾನ ಆಗುತ್ತದೆ. ಸ್ಕ್ರೀನಿಂಗ್ ಸಾಕಾದರೆ ಅದರ ಗೊಡವೆ ಬೇಡ.