ಸಹಾಯ ಬೇಕು: ಚಿಮಣಿ ಹೊಗೆಯ ಲೆಕ್ಕ ತಾಳೆ ಆಗುತ್ತಿಲ್ಲ

ಮನೆ ಹತ್ತಿರದ ಕಾರ್ಖಾನೆಯೊಂದರ ಹೊಗೆ ವರದಿ ಹಿಡಿದು ಕೂತು ಮೂರು ದಿನವಾಯ್ತು. ಕಲ್ಲಿದ್ದಲಿನಲ್ಲಿ ಗಂಧಕ 0.5% ಎಂದು ಅವರೇ ಬರೆದಿದ್ದಾರೆ. ಅಂದರೆ ಒಂದು ಟನ್ ಸುಟ್ಟರೆ 5 ಕೆಜಿ ಗಂಧಕ, ಅದು ಉರಿದು ಸುಮಾರು 10 ಕೆಜಿ ಸಲ್ಫರ್ ಡೈಆಕ್ಸೈಡ್ ಆಗಬೇಕು. ಬೂದಿಯಲ್ಲಿ ಸ್ವಲ್ಪ ಉಳಿಯುತ್ತದೆ, ಸರಿ. ಆದರೆ ವರದಿಯಲ್ಲಿರುವುದು ಟನ್‌ಗೆ 3 ಕೆಜಿ ಮಾತ್ರ! ಹೊಗೆಯಿಂದ ಈ ಅನಿಲವನ್ನು ತೆಗೆಯುವ ಸ್ಕ್ರಬ್ಬರ್ ಇಲ್ಲ ಅಂತಲೂ ಅದರಲ್ಲೇ ಇದೆ. ಈ ಗಾಳಿಯನ್ನೇ ನಮ್ಮ ಮಕ್ಕಳು ಉಸಿರಾಡೋದು.

ಚಿಮಣಿ ಮೀಟರಿನ ಅಂಕಿಗಳಿಂದ ಇನ್ನೊಮ್ಮೆ ಲೆಕ್ಕ ಹಾಕಲು ಹೋಗಿ ಸಿಕ್ಕಿಬಿದ್ದೆ. ಘನ ಮೀಟರಿಗೆ ಇಷ್ಟು ಮಿಲಿಗ್ರಾಂ ಸಲ್ಫರ್ ಡೈಆಕ್ಸೈಡ್ ಎಂದಿರುವುದು ಒಣ ಹೊಗೆಗೆ (ನೀರಾವಿ ಬಿಟ್ಟು), ಅದರಲ್ಲಿ 6% ಆಮ್ಲಜನಕ ಇದೆ ಎಂದು ಹೊಂದಿಸಿದ ಅಂಕಿ. ಹೊಗೆಯ ಹರಿವಿನ ಅಂಕಿ ಮಾತ್ರ ಚಿಮಣಿಯಲ್ಲಿದ್ದ ಹಾಗೇ, ಬಿಸಿ ಮತ್ತು ತೇವ ಸಮೇತ. ಎರಡನ್ನೂ ಸುಮ್ನೆ ಗುಣಿಸಿದರೆ ತಪ್ಪಾಗುತ್ತದೆ ಅಲ್ವಾ?

ಹರಿವನ್ನೂ ಅದೇ ಸ್ಥಿತಿಗೆ ತರಲು ತಾಪಮಾನ, ತೇವಾಂಶ, ಆಮ್ಲಜನಕ ಬಿಟ್ಟು ಇನ್ನೇನು ಕೇಳಿ ಪಡೆಯಬೇಕು? ಯಾವ ಸೂತ್ರ ಬಳಸಬೇಕು?