ಕಾಡುಹೂವಿನ ಬಯಲು ಬೀಜದಿಂದ ಬೆಳೆಸ್ಬೇಕು, ಮಣ್ಣಿಗೆ ಗೊಬ್ಬರ ಹಾಕೋದಾ ಬೇಡ್ವಾ?

ಹಿತ್ತಲ_ಹಾದಿ

ಎಲ್ರಿಗೂ ನಮಸ್ಕಾರ. ಮನೆ ಪಕ್ಕ ಸುಮಾರು 40 ಚದರ ಮೀಟರ್ ಜಾಗ ಇದೆ, ದಿನಕ್ಕೆ ಆರೇಳು ಗಂಟೆ ಚೆನ್ನಾಗಿ ಬಿಸಿಲು ಬೀಳತ್ತೆ. ಅರ್ಧ ಭಾಗ ಹಳೇ ಲಾನು, ಇನ್ನರ್ಧ ಮುಂಚೆ ತರಕಾರಿ ಮಡಿ ಇದ್ದಿದ್ದು, ಈಗ ಖಾಲಿ ಬಿಟ್ಟು ಗರಿಕೆ, ಜೇಕು ತುಂಬ್ಕೊಂಡಿದೆ. ಇಡೀ ಜಾಗನ ಕಾಡುಹೂವಿನ ಬಯಲು ಮಾಡ್ಬೇಕು ಅಂತ ತುಂಬಾ ಆಸೆ, ಕುಂಡದಲ್ಲಿ ಸಾಲಾಗಿ ಇಟ್ಟ ಹೂವಲ್ಲ, ಹುಲ್ಲಿನ ಮಧ್ಯೆ ಅಲ್ಲಲ್ಲಿ ತಾವಾಗೇ ಬಂದ ಹಾಗೆ ಇರೋ ಹೂವು, ಚಿಟ್ಟೆ ಜೇನು ಬರೋ ಹಾಗೆ. ಸಸಿ ತಂದು ನೆಡೋದಲ್ಲ, ಬೀಜದಿಂದಲೇ ಮಾಡ್ಬೇಕು.

ಕೇಳಿದ ಕಡೆ ಎಲ್ಲಾ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಒಬ್ರು ಚೆನ್ನಾಗಿ ಅಗೆದು ಗೊಬ್ಬರ ಹಾಕಿ ಅಂತಾರೆ, ಇನ್ನೊಬ್ರು ಗೊಬ್ಬರ ಮುಟ್ಟಲೇಬೇಡಿ ಅಂತಾರೆ. ಒಬ್ರು ಬೀಜ ಸುಮ್ನೆ ಎರಚಿದ್ರೆ ಸಾಕು ಪ್ರಕೃತಿ ನೋಡ್ಕೊಳತ್ತೆ ಅಂತಾರೆ. ಬೀಜ ಎಷ್ಟು ಬೇಕು, ಯಾವಾಗ ಹಾಕೋದು, ಆಮೇಲೆ ಹುಲ್ಲು ಕತ್ತರಿಸ್ಬೇಕಾ ಬೇಡ್ವಾ, ಇದೆಲ್ಲಾ ಮಾಡಿ ಗೊತ್ತಿರೋರು ದಯವಿಟ್ಟು ಹೇಳಿ. ಅವಸರ ಏನಿಲ್ಲ, ಒಂದು ಸೀಸನ್ ಕಾಯೋಕೂ ರೆಡಿ ಇದೀನಿ.

ಎರೆಮಣ್ಣು

ಗೊಬ್ಬರ ಇಲ್ದೆ ಹೂವು ಹೇಗ್ರೀ ಬರತ್ತೆ. ಅದೂ ಲಾನ್ ಇದ್ದ ಜಾಗ, ಮಣ್ಣು ಸತ್ತೋಗಿರತ್ತೆ. ಒಂದಡಿ ಆಳ ಅಗೆದು ತಿರುವಿ ಹಾಕಿ, ಎರೆಗೊಬ್ಬರ ಧಾರಾಳವಾಗಿ ಕೊಟ್ಟು ಆಮೇಲೆ ಬೀಜ ಹಾಕಿ. ನಾನು ಗುಲಾಬಿ, ಸೇವಂತಿಗೆಗೆ ಯಾವಾಗ್ಲೂ ಹೀಗೇ ಮಾಡೋದು.

ಮಣ್ಣುಕೈ

@ಎರೆಮಣ್ಣು ಅವ್ರೇ, ಗುಲಾಬಿಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ, ಆದ್ರೆ ಕಾಡುಹೂವಿನ ಬಯಲಿಗೆ ಅದು ಪೂರ್ತಿ ಉಲ್ಟಾ. ಫಲವತ್ತಾದ ಮಣ್ಣಲ್ಲಿ ಮೊದ್ಲು ಲಾಭ ಆಗೋದು ಹುಲ್ಲಿಗೆ, ಕಳೆಗೆ. ಅವು ಸಾರಜನಕ ಸಿಕ್ಕಿದ ತಕ್ಷಣ ಸರಸರ ಎದ್ದು ಬಿಸಿಲೆಲ್ಲಾ ತಾವೇ ತಗೊಂಡ್ಬಿಡತ್ವೆ, ನಿಧಾನಕ್ಕೆ ಬೆಳೆಯೋ ಹೂಗಿಡ ನೆರಳಲ್ಲೇ ಸಾಯತ್ತೆ. ಬಡ ಮಣ್ಣಲ್ಲಿ ಯಾರಿಗೂ ಅಷ್ಟು ಜೋರಾಗಿ ಬೆಳೆಯೋ ಶಕ್ತಿ ಇರಲ್ಲ, ಹಾಗಾಗಿ ಎಲ್ರಿಗೂ ಜಾಗ ಸಿಗತ್ತೆ.

ಇದು ಬರೀ ನನ್ನ ಅಭಿಪ್ರಾಯ ಅಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಪಾರ್ಕ್ ಗ್ರಾಸ್ ಅನ್ನೋ ಪ್ರಯೋಗ 1856ರಲ್ಲಿ ಶುರುವಾಗಿದ್ದು ಇವತ್ತಿಗೂ ನಡೀತಿದೆ. ಒಂದೇ ಹುಲ್ಲುಗಾವಲನ್ನ ತುಂಡು ತುಂಡು ಮಾಡಿ ಒಂದೊಂದಕ್ಕೆ ಒಂದೊಂಥರ ಗೊಬ್ಬರ ಕೊಡ್ತಾ ಬಂದ್ರು, ಕೆಲವಕ್ಕೆ ಏನೂ ಕೊಡ್ಲಿಲ್ಲ. ಏನೂ ಕೊಡದ ತುಂಡಲ್ಲಿ ಮೂವತ್ತಕ್ಕೂ ಹೆಚ್ಚು ಜಾತಿ ಗಿಡ ಉಳ್ಕೊಂಡ್ವು, ಅಮೋನಿಯಂ ಗೊಬ್ಬರ ಜಾಸ್ತಿ ಬಿದ್ದು ಮಣ್ಣು ಹುಳಿಯಾದ ತುಂಡಲ್ಲಿ ಎರಡು ಮೂರು ಜಾತಿ ಹುಲ್ಲು ಬಿಟ್ರೆ ಬೇರೆ ಏನೂ ಇಲ್ಲ. ಹುಲ್ಲಿನ ಇಳುವರಿ ಬೇಕಾದ್ರೆ ಗೊಬ್ಬರ, ಹೂವಿನ ವೈವಿಧ್ಯ ಬೇಕಾದ್ರೆ ಗೊಬ್ಬರ ಬೇಡ, ಅಷ್ಟೇ.

ಹಿತ್ತಲ_ಹಾದಿ ಅವ್ರೇ, ನಿಮ್ಮ ಜಾಗದಲ್ಲಿ ನಂಗೆ ಚಿಂತೆ ಇರೋದು ಲಾನ್ ಕಡೆಗಲ್ಲ, ತರಕಾರಿ ಮಡಿ ಕಡೆಗೆ. ಅಲ್ಲಿ ವರ್ಷಗಟ್ಟಲೆ ಗೊಬ್ಬರ ಬಿದ್ದಿರತ್ತೆ, ರಂಜಕ ಬೇಗ ಹೋಗಲ್ಲ. ಸಾಧ್ಯ ಆದ್ರೆ ಮೇಲಿನ ಎರಡು ಮೂರು ಇಂಚು ಮಣ್ಣು ತೆಗೆದು ಬೇರೆ ತರಕಾರಿ ಮಡಿಗೆ ಹಾಕ್ಬಿಡಿ, ಗರಿಕೆ ಬೇರು, ಜೇಕಿನ ಗಡ್ಡೆ ಆರಿಸಿ ತೆಗೆದಿಟ್ಟು. ಆಗಲ್ಲ ಅಂದ್ರೆ ಆ ಭಾಗಕ್ಕೆ ಒಂದು ವರ್ಷದ ಹೂಗಳನ್ನ ಮಾತ್ರ ಹಾಕಿ, ಅವು ಸ್ವಲ್ಪ ಫಲವತ್ತಾದ ಮಣ್ಣನ್ನೂ ತಡ್ಕೊಳತ್ವೆ.

ಎರಡನೇದು ಅಗೆಯೋದು. ಒಂದಡಿ ಆಳ ತಿರುವಿ ಹಾಕೋದು ಅಂದ್ರೆ ಕೆಳಗೆ ಮಲಗಿರೋ ಕಳೆ ಬೀಜನೆಲ್ಲಾ ಎಬ್ಬಿಸಿ ಬಿಸಿಲಿಗೆ ತಂದು ಕೂರಿಸಿದ ಹಾಗೆ. ಕಳೆ ಬೀಜ ಎಷ್ಟು ವರ್ಷ ಬದುಕತ್ತೆ ಅಂತ ನೋಡೋಕೆ ವಿಲಿಯಂ ಬೀಲ್ ಅನ್ನೋ ಸಸ್ಯಶಾಸ್ತ್ರಜ್ಞರು 1879ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ 20 ಬಾಟಲಿಗಳಲ್ಲಿ ಬೀಜ ಮರಳು ಬೆರೆಸಿ ಹೂತಿಟ್ರು, 2021ರಲ್ಲಿ ಒಂದು ಬಾಟಲಿ ತೆಗೆದು ಬಿತ್ತಿದಾಗ ಅದರಲ್ಲೂ ಒಂದಷ್ಟು ಮೊಳಕೆ ಬಂತು! ಎಲ್ಲಾ ಜಾತಿನೂ ಅಷ್ಟು ವರ್ಷ ಬದುಕಲ್ಲ ನಿಜ, ಆದ್ರೆ ನಿಮ್ಮ ಮಣ್ಣಲ್ಲಿ ನೀವು ಹಾಕೋ ಬೀಜಕ್ಕಿಂತ ಜಾಸ್ತಿ ಕಳೆ ಬೀಜ ಆಗ್ಲೇ ಇದೆ ಅಂತ ತಿಳ್ಕೊಂಡೇ ಕೆಲಸ ಶುರು ಮಾಡಿ.

ಹಾಗಾಗಿ ಕ್ರಮ ಹೀಗಿರ್ಲಿ. ಗರಿಕೆ, ಜೇಕು ಎರಡನ್ನೂ ಮೊದ್ಲು ಕೈಯಲ್ಲೇ ತೆಗೀಬೇಕು, ಗರಿಕೆ ಬೇರಿನ ತುಂಡು ಉಳಿದ್ರೂ ಚಿಗುರತ್ತೆ, ಜೇಕಿನ ಗಡ್ಡೆ ಅಂತೂ ಹಠಮಾರಿ. ಲಾನನ್ನ ಸನಿಕೆಯಲ್ಲಿ ಚಾಪೆ ಸುತ್ತೋ ಥರ ಬೇರು ಸಮೇತ ಎತ್ತಿ ತೆಗೀರಿ. ಆಮೇಲೆ ಮೇಲಿನ ಒಂದಿಂಚು ಮಣ್ಣು ಮಾತ್ರ ಕೆರೆದು ಸಮ ಮಾಡಿ, ನೀರು ಹಾಕಿ, ಸುಮ್ನಿರಿ. ಎರಡು ಮೂರು ವಾರದಲ್ಲಿ ಹಸಿರಾಗಿ ಕಳೆ ಮೊಳಕೆ ಬರತ್ತೆ, ಬಿಸಿಲಿರೋ ದಿನ ಮೇಲ್ಮೇಲೇ ಕೆರೆದು ಒಣಗೋಕೆ ಬಿಡಿ. ಮತ್ತೆ ನೀರು, ಮತ್ತೆ ಕಾಯೋದು, ಮತ್ತೆ ಕೆರೆಯೋದು. ಹೀಗೆ ಮೂರ್ನಾಲ್ಕು ಸುತ್ತು ಆದ್ಮೇಲೆ ಬರೋ ಕಳೆ ಕಣ್ಣಿಗೆ ಕಾಣೋಷ್ಟು ಕಮ್ಮಿ ಆಗತ್ತೆ. ಒಂದು ಸೀಸನ್ ಕಾಯ್ತೀನಿ ಅಂದ್ರಲ್ಲ, ಆ ಕಾಯೋದನ್ನ ಇಲ್ಲಿ ಖರ್ಚು ಮಾಡಿ, ಇದಕ್ಕಿಂತ ಒಳ್ಳೇ ಜಾಗ ಇನ್ನೊಂದಿಲ್ಲ.

ತುಂಬಾ ಬಿಸಿಲಿರೋ ಕಡೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆನ ಒದ್ದೆ ಮಣ್ಣಿನ ಮೇಲೆ ಬಿಗಿಯಾಗಿ ಹಾಸಿ ಅಂಚಿಗೆಲ್ಲಾ ಮಣ್ಣು ಮುಚ್ಚಿ ನಾಲ್ಕರಿಂದ ಆರು ವಾರ ಬಿಟ್ರೂ ಮೇಲ್ಪದರದ ಬೀಜ ಸಾಯತ್ತೆ, ಆದ್ರೆ ಜೇಕಿಗೆ ಅದು ಸಾಲಲ್ಲ, ಅದನ್ನ ನಂಬ್ಕೊಂಡು ಗಡ್ಡೆ ಬಿಡ್ಬೇಡಿ.

ಬೀಜದ_ಡಬ್ಬಿ

ಮಣ್ಣುಕೈ ಹೇಳಿದ್ದಕ್ಕೆ ಮಣ್ಣಿನ ಬಗ್ಗೆ ಸೇರಿಸೋಕೆ ಏನಿಲ್ಲ. ಬೀಜದ ಬಗ್ಗೆ ನಾನು ಹೇಳ್ತೀನಿ.

ಪ್ಯಾಕೆಟ್ ಮೇಲೆ ಬರೀ ‘ವೈಲ್ಡ್ ಫ್ಲವರ್ ಮಿಕ್ಸ್’ ಅಂತಿದ್ರೆ ಹಿಂದೆ ತಿರುಗಿಸಿ ಜಾತಿ ಹೆಸರು ಬರೆದಿದಾರಾ ನೋಡಿ. ಬರೆದಿಲ್ಲ ಅಂದ್ರೆ ತಗೋಬೇಡಿ. ಎಲ್ಲೋ ಬೇರೆ ಖಂಡದ ಗಿಡ ನಿಮ್ಮ ಕಡೆ ಕಳೆಯಾಗಿ ಹರಡೋ ಅಪಾಯ ಇರತ್ತೆ, ಪಾರ್ಥೇನಿಯಂ ಲಂಟಾನಾ ಎರಡೂ ಹಾಗೇ ಬೇರೆ ಕಡೆಯಿಂದ ಬಂದು ಹಬ್ಬಿದ್ದು ಅನ್ನೋದು ಎಲ್ರಿಗೂ ಗೊತ್ತು. ಸುತ್ತಮುತ್ತ ಬಯಲಲ್ಲಿ, ದಾರಿ ಬದಿಯಲ್ಲಿ ತಾವಾಗೇ ಬೆಳೆಯೋ ಹೂವು ಯಾವುದು ಅಂತ ಒಂದು ವರ್ಷ ನೋಡಿ ಪಟ್ಟಿ ಮಾಡ್ಕೊಳೋದು ಎಲ್ಲಕ್ಕಿಂತ ಒಳ್ಳೇದು, ಅವುಗಳಿಗೆ ಆ ಮಣ್ಣು ಆ ಮಳೆ ಒಗ್ಗಿರತ್ತೆ. ಬೀಜ ಬಲಿತ ಮೇಲೆ ಒಂದು ಗಿಡದಿಂದ ಸ್ವಲ್ಪ ಇನ್ನೊಂದರಿಂದ ಸ್ವಲ್ಪ ತಗೊಳಿ, ಪೂರ್ತಿ ಬೋಳಿಸ್ಬೇಡಿ. ಪೇಪರ್ ಕವರ್‌ನಲ್ಲಿ ಒಣಗಿಸಿ ಇಡಿ, ಪ್ಲಾಸ್ಟಿಕ್‌ನಲ್ಲಿ ಹಸಿ ಬೀಜ ಬೂಷ್ಟು ಹಿಡಿಯತ್ತೆ.

ಇನ್ನು ಒಂದು ವರ್ಷದ ಹೂವು, ಬಹುವಾರ್ಷಿಕ ಎರಡನ್ನೂ ಒಂದೇ ಅಂತ ತಿಳ್ಕೋಬೇಡಿ, ಎಷ್ಟೋ ಜನ ನಿರಾಶೆ ಆಗೋದೇ ಇಲ್ಲಿ. ಕಾರ್ನ್‌ಫ್ಲವರ್, ಕೆಂಪು ಪಾಪಿ, ಕಾಸ್ಮಾಸ್ ಥರದವು ಬಿತ್ತಿದ ವರ್ಷವೇ ಹೂ ಬಿಟ್ಟು ಬೀಜ ಉದುರಿಸಿ ಸಾಯತ್ವೆ, ಮುಂದಿನ ವರ್ಷ ಮತ್ತೆ ಬರ್ಬೇಕು ಅಂದ್ರೆ ಮಣ್ಣು ಕೆದಕಿರಬೇಕು. ಅದಕ್ಕೇ ಅವು ಹಿಂದೆ ಉತ್ತ ಹೊಲಗಳಲ್ಲಿ ಅಷ್ಟೊಂದು ಇರ್ತಿದ್ವು. ಬಹುವಾರ್ಷಿಕಗಳು ಮೊದಲ ವರ್ಷ ಎಲೆ ಮಾತ್ರ ತೋರಿಸ್ತಾ ಕೆಳಗೆ ಬೇರು ಇಳಿಸ್ತಾ ಇರತ್ವೆ, ಹೂವು ಎರಡನೇ ವರ್ಷ, ಒಳ್ಳೇ ಅಂದ ಮೂರನೇ ವರ್ಷ. ಬರ್ಲಿಲ್ಲ ಅಂತ ಮೊದಲ ವರ್ಷವೇ ಅಗೆದು ಹಾಕ್ಬೇಡಿ.

ಪ್ರಮಾಣ: ಬರೀ ಹೂವಿನ ಬೀಜ ಆದ್ರೆ ಚದರ ಮೀಟರಿಗೆ 2ರಿಂದ 3 ಗ್ರಾಂ ಸಾಕು, ನಿಮ್ಮ 40 ಚದರ ಮೀಟರಿಗೆ 80ರಿಂದ 120 ಗ್ರಾಂ. ಸೂರ್ಯಕಾಂತಿ ಥರ ದಪ್ಪ ಬೀಜ ಇದ್ರೆ ಲೆಕ್ಕ ಬದಲಾಗತ್ತೆ, ಪಾಪಿ ಬೀಜ ಒಂದು ಗ್ರಾಂನಲ್ಲಿ ಸಾವಿರಾರು ಇರತ್ವೆ. ಹುಲ್ಲಿನ ಬೀಜವೂ ಬೆರೆಸಿದ್ರೆ ಚದರ ಮೀಟರಿಗೆ 4-5 ಗ್ರಾಂ, ಅದರಲ್ಲಿ ಹುಲ್ಲು 80 ಭಾಗ ಹೂವು 20 ಭಾಗ ಅನ್ನೋದು ಚಾಲ್ತಿಯಲ್ಲಿರೋ ಲೆಕ್ಕ, ಹುಲ್ಲು ಅಂದ್ರೆ ಗುಂಪಾಗಿ ನಿಲ್ಲೋ ಸಣ್ಣ ಹುಲ್ಲು, ಹಬ್ಬೋದಲ್ಲ. ದಟ್ಟವಾಗಿ ಹಾಕಿದ್ರೆ ಜಾಸ್ತಿ ಹೂವು ಅನ್ಕೋಬೇಡಿ, ಬೇಗ ಬೆಳೆಯೋ ಒಂದೆರಡು ಜಾತಿ ಉಳಿದವನ್ನೆಲ್ಲಾ ತುಳಿದುಬಿಡತ್ವೆ. ಹಳೇ ಬೀಜ ಆದ್ರೆ ಮೊದ್ಲು ಇಪ್ಪತ್ತು ಬೀಜ ಒದ್ದೆ ಪೇಪರ್ ಮಡಚಿ ಇಟ್ಟು ಎಷ್ಟು ಮೊಳೆಯತ್ತೆ ನೋಡ್ಕೊಳಿ.

ಬಿತ್ತೋ ಮುಂಚೆ ಬೀಜಕ್ಕೆ ಅದರ ನಾಲ್ಕೈದು ಪಟ್ಟು ಒಣ ಮರಳು ಬೆರೆಸಿ. ಎರಡು ಪಾಲು ಮಾಡಿ, ಒಂದು ಪಾಲು ಉದ್ದಕ್ಕೆ ನಡೀತಾ ಎರಚಿ, ಇನ್ನೊಂದು ಅಡ್ಡಕ್ಕೆ. ಮರಳು ಬಿದ್ದ ಜಾಗ ಬೆಳ್ಳಗೆ ಕಾಣೋದ್ರಿಂದ ಎಲ್ಲಿ ಬಿಟ್ಟೋಯ್ತು ಅಂತ ಗೊತ್ತಾಗತ್ತೆ. ಆಮೇಲೆ ಮಣ್ಣು ಮುಚ್ಚೋಕೆ ಹೋಗ್ಬೇಡಿ, ತುಂಬಾ ಸಣ್ಣ ಬೀಜಗಳಲ್ಲಿ ಎಷ್ಟೋ ಬೆಳಕು ಬಿದ್ರೇನೇ ಮೊಳೆಯೋದು. ಹಲಗೆ ಇಟ್ಟು ಅದರ ಮೇಲೆ ನಡೆದು ಅಥವಾ ಕಾಲಲ್ಲೇ ತುಳಿದು ಬೀಜ ಮಣ್ಣಿಗೆ ಅಂಟೋ ಹಾಗೆ ಒತ್ತಿ, ಇದನ್ನ ಮಾತ್ರ ತಪ್ಪಿಸ್ಬೇಡಿ. ಮೊದಲ ಮೂರ್ನಾಲ್ಕು ವಾರ ಮೇಲ್ಮಣ್ಣು ಒಣಗ್ಬಾರ್ದು, ನೀರು ತುಂತುರಾಗಿ ಮಾತ್ರ, ಪೈಪ್ ನೇರ ಹಿಡಿದ್ರೆ ಬೀಜ ಎಲ್ಲಾ ಒಂದು ಮೂಲೆಗೆ ಸೇರತ್ತೆ.

ಮಳೆಗಾಲ ಇರೋ ಕಡೆ ಮೊದಲ ಒಂದೆರಡು ಹದ ಮಳೆ ಆಗಿ ಕಳೆ ಒಮ್ಮೆ ಎದ್ದ ಮೇಲೆ ಬಿತ್ತಿ, ಜಡಿಮಳೆ ಶುರುವಾಗೋ ಮುಂಚೆ ಬೇರು ಹಿಡಿದಿರ್ಬೇಕು. ಹಿಮ ಬೀಳೋ ಕಡೆಯವರಾದ್ರೆ ಚಳಿಗಾಲದ ಮುಂಚೆ ಬಿತ್ತೋದು ಒಳ್ಳೇದು, ಅಲ್ಲಿನ ಎಷ್ಟೋ ಬೀಜಕ್ಕೆ ಒದ್ದೆ ಚಳಿ ಕೆಲವು ವಾರ ತಾಗ್ದೆ ನಿದ್ದೆ ಬಿಡಲ್ಲ. ಶಂಖಪುಷ್ಪದ ಥರ ಗಟ್ಟಿ ಸಿಪ್ಪೆಯ ದ್ವಿದಳ ಬೀಜನ ಉಪ್ಪು ಕಾಗದದಲ್ಲಿ ಸ್ವಲ್ಪ ಉಜ್ಜಿ ರಾತ್ರಿ ನೆನೆಸಿ ಹಾಕಿ.

ಹಿತ್ತಲ_ಹಾದಿ

ಇಷ್ಟೊಂದು ವಿವರವಾಗಿ ಬರೆದಿದ್ದಕ್ಕೆ ಇಬ್ರಿಗೂ ತುಂಬಾ ಥ್ಯಾಂಕ್ಸ್. ಲಾನ್ ಇರೋ ಅರ್ಧಕ್ಕೆ ಬಹುವಾರ್ಷಿಕ, ತರಕಾರಿ ಮಡಿ ಕಡೆಗೆ ಒಂದು ವರ್ಷದ್ದು, ಹೀಗೆ ಪಾಲು ಮಾಡ್ತೀನಿ. ಕತ್ತರಿಸೋ ವಿಷಯ ಇನ್ನೂ ಅರ್ಥ ಆಗ್ಲಿಲ್ಲ, ಬಯಲು ಅಂದ್ಮೇಲೆ ಅದರ ಪಾಡಿಗೆ ಬಿಟ್ರೆ ಆಗಲ್ವಾ?

ಮಣ್ಣುಕೈ

ಬಿಟ್ರೆ ಅದು ಬಯಲಾಗಿ ಉಳಿಯಲ್ಲ. ಮೊದ್ಲು ಎತ್ತರದ ಹುಲ್ಲು, ಆಮೇಲೆ ಪೊದೆ, ಆಮೇಲೆ ಮರದ ಸಸಿ, ಹೂವಿಗೆ ಜಾಗವೇ ಇರಲ್ಲ. ಹಳೇ ಹುಲ್ಲುಗಾವಲುಗಳು ಅಷ್ಟು ಕಾಲ ಉಳಿದಿದ್ದೇ ದನ ಮೇಯ್ದಿದ್ದಕ್ಕೆ, ಜನ ಮೇವಿಗೆ ಅಂತ ಕೊಯ್ದಿದ್ದಕ್ಕೆ. ದನ ಇಲ್ಲದ ಕಡೆ ಆ ಕೆಲಸ ನಾವೇ ಮಾಡ್ಬೇಕು.

ಬಹುವಾರ್ಷಿಕ ಅರ್ಧದಲ್ಲಿ ಮೊದಲ ವರ್ಷ ಗಿಡ ಮೊಣಕಾಲುದ್ದಕ್ಕೆ ಬರೋ ಮುಂಚೆನೇ 10-15 ಸೆಂಟಿಮೀಟರ್ ಎತ್ತರಕ್ಕೆ ಸವರಿ, ಆ ವರ್ಷದಲ್ಲಿ ಮೂರ್ನಾಲ್ಕು ಸಲ ಬೇಕಾಗ್ಬಹುದು. ಕತ್ತರಿಸುವಾಗ ಮನಸ್ಸಿಗೆ ಕಷ್ಟ ಆಗತ್ತೆ, ಆದ್ರೆ ತಲೆ ಹೋಗೋದು ಎತ್ತರದ ಕಳೆಗೆ, ನಿಮ್ಮ ಹೂಗಿಡ ಇನ್ನೂ ನೆಲಕ್ಕೆ ಹತ್ರ ಇರತ್ತೆ. ಕಳೆ ಬೀಜ ಬಿಡೋ ಮುಂಚೆ ಇದು ಆಗ್ಬೇಕು. ಎರಡನೇ ವರ್ಷದಿಂದ ವರ್ಷಕ್ಕೊಂದೇ ಕೊಯ್ಲು, ಹೂವು ಮುಗಿದು ಬೀಜ ಬಲಿತ ಮೇಲೆ ಕುಡುಗೋಲಲ್ಲಿ. ಕೊಯ್ದಿದ್ದು ಮೂರ್ನಾಲ್ಕು ದಿನದಿಂದ ಒಂದು ವಾರ ಅಲ್ಲೇ ಒಣಗ್ಲಿ, ಬೀಜ ಉದುರ್ಲಿ, ಆಮೇಲೆ ಒಂದು ಕಡ್ಡಿನೂ ಬಿಡ್ದೆ ಹೊರಗೆ ತೆಗೀರಿ. ಅಲ್ಲೇ ಬಿಟ್ರೆ ಕೊಳೆತು ಗೊಬ್ಬರ ಆಗತ್ತೆ, ಅಂದ್ರೆ ಬೇಡ ಅಂತ ಇಷ್ಟು ಹೊತ್ತು ಹೇಳಿದ್ದನ್ನೇ ಹಿಂಬಾಗಿಲಿಂದ ತಂದ ಹಾಗೆ. ವರ್ಷ ವರ್ಷ ತೆಗೀತಾ ಹೋದ್ರೆ ಮಣ್ಣು ಬಡವಾಗತ್ತೆ, ಹೂವು ಜಾಸ್ತಿ ಆಗತ್ತೆ.

ರೆಕ್ಕೆಪುಕ್ಕ

ಚಿಟ್ಟೆ ಜೇನು ಅಂದಿದ್ರಿ, ಅದಕ್ಕೆ ಬರೀತಿದೀನಿ. ಎಲ್ಲಾ ಒಂದೇ ದಿನ ಕೊಯ್ಬೇಡಿ ಪ್ಲೀಸ್. ಮೂರನೇ ಒಂದು ಭಾಗ ಪ್ರತಿ ವರ್ಷ ಬೇರೆ ಬೇರೆ ಜಾಗದಲ್ಲಿ ಹಾಗೇ ನಿಲ್ಲಿಸಿ, ಒಣ ಕಾಂಡದಲ್ಲಿ ಮೊಟ್ಟೆ, ಕೋಶ, ಸಣ್ಣ ಜೇನುಗಳ ಗೂಡು ಇರತ್ವೆ. ಹಾಗೇ ಅಲ್ಲಲ್ಲಿ ಅಂಗೈಯಗಲ ಬರಿ ನೆಲ ಇರ್ಲಿ, ಜೇನು ಅಂದ್ರೆ ನಮಗೆ ಮರದ ಮೇಲಿನ ಹುಟ್ಟೇ ನೆನಪಾಗತ್ತೆ ಆದ್ರೆ ಜೇನಿನ ಜಾತಿಗಳಲ್ಲಿ ಹೆಚ್ಚಿನವು ಒಂಟಿಯಾಗಿ ಮಣ್ಣಲ್ಲೇ ಬಿಲ ತೋಡೋವು.

ಹೂವಿನ ಜೊತೆ ಎಲೆ ತಿನ್ನಿಸೋ ಗಿಡವೂ ಇರ್ಬೇಕು. ಮಕರಂದಕ್ಕೆ ಚಿಟ್ಟೆ ಎಲ್ಲಿಂದಲೋ ಬರತ್ತೆ ಹೋಗತ್ತೆ, ಆದ್ರೆ ಮೊಟ್ಟೆ ಇಡೋಕೆ ಅದಕ್ಕೆ ನಿರ್ದಿಷ್ಟ ಗಿಡವೇ ಬೇಕು. ಪ್ಲೇನ್ ಟೈಗರ್ ಚಿಟ್ಟೆಗೆ ಎಕ್ಕದ ಗಿಡ ಇದ್ದ ಹಾಗೆ. ಒಂದು ಮೂಲೇಲಿ ಎಕ್ಕ, ನೆಲದ ಹತ್ರ ಗೋಣಿಸೊಪ್ಪು, ಮಧ್ಯೆ ತುಂಬೆ ಇದ್ರೆ ಆ ಜಾಗದ ಕಥೆನೇ ಬೇರೆ. ಎಲೆ ತೂತಾದಾಗ ಔಷಧಿ ಹೊಡಿಯೋಕೆ ಹೋಗ್ಬೇಡಿ, ತೂತು ಮಾಡಿದ್ದೇ ನೀವು ಬರ್ಲಿ ಅಂತ ಕಾದಿದ್ದ ಹುಳ.

ಎರೆಮಣ್ಣು

ಮಣ್ಣುಕೈ ಅವ್ರೇ, ಆ ಪಾರ್ಕ್ ಗ್ರಾಸ್ ವಿಷಯ ನಂಗೆ ಗೊತ್ತಿರ್ಲಿಲ್ಲ, ಹೇಳಿದ್ದಕ್ಕೆ ಧನ್ಯವಾದ. ಒಂದು ಪ್ರಶ್ನೆ, ಮೊಳಕೆ ಬಂದಾಗ ಯಾವುದು ಕಳೆ ಯಾವುದು ಹೂಗಿಡ ಅಂತ ಗೊತ್ತಾಗೋದು ಹೇಗೆ? ಎರಡೆಲೆ ಇರುವಾಗ ಎಲ್ಲಾ ಒಂದೇ ಥರ ಕಾಣತ್ತೆ.

ಬೀಜದ_ಡಬ್ಬಿ

ಒಳ್ಳೇ ಪ್ರಶ್ನೆ, ಇದನ್ನ ನಾನೇ ಬರೀಬೇಕಿತ್ತು. ಬಿತ್ತೋ ದಿನವೇ ಪ್ರತಿ ಜಾತಿಯ ಹತ್ತು ಹದಿನೈದು ಬೀಜ ತೆಗೆದಿಟ್ಟು, ಕಳೆ ಬೀಜ ಇಲ್ಲದ ತೆಂಗಿನ ನಾರಿನ ಪುಡಿ ತುಂಬಿದ ಟ್ರೇಲಿ ಒಂದೊಂದು ಸಾಲು ಹಾಕಿ, ಸಾಲಿಗೊಂದು ಹೆಸರಿನ ಕಡ್ಡಿ ಚುಚ್ಚಿ. ಬಯಲಲ್ಲಿ ಬಂದಿದ್ದು ಟ್ರೇಲಿ ಇದ್ರೆ ನಿಮ್ಮದು, ಇಲ್ಲದಿದ್ರೆ ಅನುಮಾನ. ಎರಡೆಲೆ ಹಂತದಲ್ಲಿ ಕೈ ಹಾಕ್ಬೇಡಿ, ನಾಲ್ಕೈದು ನಿಜವಾದ ಎಲೆ ಬರೋವರೆಗೂ ಕಾದು ಹೋಲಿಸಿ ನೋಡಿ. ಕೀಳುವಾಗ ಪಕ್ಕದ ಸಸಿ ಅಲುಗಾಡೋ ಹಾಗಿದ್ರೆ ಕೀಳ್ಲೇಬೇಡಿ, ಕತ್ತರಿ ತಗೊಂಡು ಕಳೆನ ಬುಡದಲ್ಲಿ ಕತ್ತರಿಸಿ. ಗೊತ್ತಾಗದೇ ಇರೋದರ ಫೋಟೋ ಇಲ್ಲಿ ಹಾಕಿ, ಎಲೆಯ ಮೇಲ್ಭಾಗ, ಹಿಂಭಾಗ ಎರಡೂ ಕಾಣೋ ಹಾಗೆ, ಗುರುತು ಹಿಡಿಯೋರು ಯಾರಾದ್ರೂ ಇದ್ದೇ ಇರ್ತಾರೆ.